ಎಲೆ ಕರಗಿತು ಅಂತ ಗಿಡ ಕೀಳಬೇಡಿ

ಕ್ರಿಪ್ಟೊಕೊರಿನ್ ಗಿಡವನ್ನು ನರ್ಸರಿಗಳಲ್ಲಿ ಹೆಚ್ಚಾಗಿ ನೀರಿನಿಂದ ಹೊರಗೇ ಬೆಳೆಸುತ್ತಾರೆ. ಗಾಳಿಗೆ ಒಗ್ಗಿದ ಆ ಎಲೆ ಅಕ್ವೇರಿಯಂ ನೀರೊಳಗೆ ಬಾಳೋದು ಕಷ್ಟ. ನನ್ನ ಟ್ಯಾಂಕಿನಲ್ಲೂ ನೆಟ್ಟ ವಾರದಲ್ಲೇ ಎಲೆಗಳೆಲ್ಲ ಲೋಳೆಯಾಗಿ ಕರಗಿದವು. "ಕಿತ್ತು ಬಿಸಾಕೋ, ಮೀನೂ ಸತ್ತುಹೋಗುತ್ತೆ" ಅಂದ್ರು ಅಮ್ಮ. ಅವರ ಭಯ ಸುಳ್ಳಲ್ಲ. ಕೊಳೆತ ಎಲೆಯಿಂದ ಅಮೋನಿಯಾ ಹೆಚ್ಚಿದರೆ ಮೀನಿಗೆ ಅಪಾಯವೇ. ಕೊಳೆತದ್ದನ್ನಷ್ಟೇ ಕತ್ತರಿಸಿ ತೆಗೆದೆ, ಕಾಲುಭಾಗ ನೀರು ಬದಲಿಸಿದೆ. ಬೇರು ಮುಟ್ಟಲಿಲ್ಲ. ನಾಲ್ಕನೇ ವಾರ ಮರಳಿನಿಂದ ಕಂದು ಚಿಗುರೊಂದು ಇಣುಕಿತು. ಇದು ನೀರೊಳಗೇ ಹುಟ್ಟಿದ ಎಲೆ, ಹಾಗಾಗಿ ಕರಗಲಿಲ್ಲ. ಮೀನೂ ಆರಾಮಾಗಿದೆ. ಇನ್ನು ಗೊಬ್ಬರ, ಸಿಒಟು ಸಿಲಿಂಡರ್ ಅಂತೆಲ್ಲ ಮೊದಲೇ ದುಡ್ಡು ಸುರಿಯೋ ಅಗತ್ಯ ಈ ಗಿಡಕ್ಕಿಲ್ಲ. ಲೈಟು ದಿನಕ್ಕೆ 6-8 ಗಂಟೆ ಸಾಕು, ಜಾಸ್ತಿ ಉರಿದರೆ ಪಾಚಿ ಕಟ್ಟುತ್ತೆ. ಆಫೀಸಿಂದ ಬರೋದು ತಡವಾಗುತ್ತಲ್ಲ, ಟೈಮರ್ ಹಾಕಿಬಿಟ್ಟಿದ್ದೀನಿ.