ಮೂವತ್ತು ಜನರ ಓಟ

ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್ ಹದಿನಾಲ್ಕು ದ್ವೀಪಗಳ ಮೇಲೆ ಹರಡಿಕೊಂಡಿರುವ ಊರು. ಎತ್ತ ತಿರುಗಿದರೂ ನೀರು, ನೀರಿನ ಮೇಲೆ ದೋಣಿ. 2019ರ ಮೇ ತಿಂಗಳ ಬೇಸಿಗೆ ರಜೆಯಲ್ಲಿ ನಾನೂ ನನ್ನ ಮಡದಿಯೂ ಅಲ್ಲಿಗೆ ಹೋಗಿದ್ದೆವು. ಮಗಳು ಅಲ್ಲಿ ಓದುತ್ತಿದ್ದಳು. ರಾತ್ರಿ ಒಂಬತ್ತಾದರೂ ಕತ್ತಲಾಗದ ಆ ಊರಿನಲ್ಲಿ, ಸ್ವೆಟರಿನ ಮೇಲೊಂದು ಸ್ವೆಟರ್ ಹಾಕಿಕೊಂಡು ಕುಳಿತಿದ್ದಾಗ ಮಗಳೆಂದಳು: "ಅಪ್ಪಾ, ಇಲ್ಲೊಂದ್ ಮುಳುಗಿದ್ ಹಡಗಿತ್ತ್. ನಾಳೆ ಕಾಂಬುಕೆ ಹ್ವಾಪ. ನಿಮ್ಗೆ ದೋಣಿ ಅಂದ್ರೆ ಇಷ್ಟ ಅಲ್ದಾ?"

ನಾನು ಹೂಂ ಎಂದೆ. ಆದರೆ ಮುಳುಗಿದ ದೋಣಿಯ ಮಾತು ಬಂದರೆ ನನ್ನ ಮನಸ್ಸು ಗಂಗೊಳ್ಳಿಯ ಬಂದರಿಗೆ ಹೋಗಿ ನಿಲ್ಲುತ್ತದೆ. ಅದು ಮಗಳಿಗೆ ಗೊತ್ತಿರಲಿಲ್ಲ. ಆ ಕತೆಯನ್ನು ಮುಂದೆ ಹೇಳುತ್ತೇನೆ. ಮೊದಲು ಹಡಗನ್ನು ನೋಡೋಣ.

ಕತ್ತಲೆಯೊಳಗಿನ ಹಡಗು

ಯೂರ್ಗೋರ್ಡೆನ್ ಎಂಬ ದ್ವೀಪಕ್ಕೆ ಏಳನೆಯ ನಂಬರಿನ ಟ್ರಾಮ್ ಹೋಗುತ್ತದೆ. ಇಳಿದು ನಾಲ್ಕು ಹೆಜ್ಜೆ ನಡೆದರೆ ಹಾಯಿಕಂಬಗಳು ಚಾವಣಿಯಿಂದ ಹೊರಗೆ ಚಾಚಿಕೊಂಡಿರುವ ಒಂದು ಕಟ್ಟಡ ಕಾಣುತ್ತದೆ. ಅದೇ ವಾಸಾ ಮ್ಯೂಸಿಯಂ. 1990ರಲ್ಲಿ ತೆರೆದದ್ದು. ಆ ಕಂಬಗಳು ನಿಜವಾದವಲ್ಲ. ಒಳಗಿರುವ ಹಡಗು ಒಂದು ಕಾಲಕ್ಕೆ ಎಷ್ಟು ಎತ್ತರವಿತ್ತು ಎಂದು ತೋರಿಸಲು ನಿಲ್ಲಿಸಿದವು.

ಬಾಗಿಲು ದಾಟಿದ ಕೂಡಲೇ ಕಣ್ಣಿಗೆ ಏನೂ ಕಾಣುವುದಿಲ್ಲ. ಮರ ಹಾಳಾಗದಿರಲೆಂದು ಒಳಗೆ ಮಂದ ಬೆಳಕು, ಹದವಾದ ತಂಪು. ಕಣ್ಣು ಹೊಂದಿಕೊಂಡಂತೆ ಮೆಲ್ಲನೆ ಕಪ್ಪು ಓಕ್ ಮರದ ಒಂದು ಬೆಟ್ಟವೇ ಎದುರಿಗೆ ಎದ್ದು ನಿಲ್ಲುತ್ತದೆ. ಮುಂಗೊಂಬಿನಿಂದ ಹಿಂತುದಿಯವರೆಗೆ 69 ಮೀಟರ್ ಉದ್ದ. ತಳದಿಂದ ಕಂಬದ ತುದಿಗೆ 52 ಮೀಟರಿಗೂ ಹೆಚ್ಚು ಎತ್ತರ. ಹಿಂಭಾಗದ ತುಂಬ ಸಿಂಹಗಳು, ವೀರರು, ದೇವತೆಗಳ ಕೆತ್ತನೆ. ಎರಡು ಸಾಲು ಫಿರಂಗಿ ಕಿಂಡಿಗಳು. ಪಕ್ಕದಲ್ಲಿದ್ದ ಶಾಲಾ ಮಕ್ಕಳು ತಲೆ ಎತ್ತಿ ಬಾಯಿ ಬಿಟ್ಟು ನಿಂತಿದ್ದರು. ನಾನೂ ಹಾಗೆಯೇ ನಿಂತಿದ್ದೆ.

ಇಷ್ಟು ದೊಡ್ಡ ಹಡಗು ಸಮುದ್ರದಲ್ಲಿ ಸಾಗಿದ ದೂರ ಎಷ್ಟು ಗೊತ್ತೆ? ಸುಮಾರು 1300 ಮೀಟರ್. ನಮ್ಮ ಶಾಲೆಯ ಮಕ್ಕಳು ದಿನಾ ನಡೆದು ಬರುವ ದಾರಿ ಅದಕ್ಕಿಂತ ಹೆಚ್ಚು.

ರಾಜನಿಗೆ ಅವಸರ

ಸ್ವೀಡನ್ನಿನ ರಾಜ ಎರಡನೆಯ ಗುಸ್ತಾವ್ ಅಡಾಲ್ಫ್ ಪೋಲೆಂಡಿನ ಜೊತೆ ಯುದ್ಧದಲ್ಲಿದ್ದ. ದೊಡ್ಡ ಹಡಗುಗಳು ಬೇಕಾಗಿದ್ದವು, ಅದೂ ಬೇಗ ಬೇಕಾಗಿದ್ದವು. 1625ರಲ್ಲಿ ಹೆನ್ರಿಕ್ ಹ್ಯೂಬರ್ಟ್ಸನ್ ಎಂಬ ಅನುಭವಿ ಹಡಗು ಶಿಲ್ಪಿಗೆ ಕೆಲಸ ಒಪ್ಪಿಸಿದರು. ಹಡಗು ಮುಗಿಯುವ ಮೊದಲೇ, 1627ರಲ್ಲಿ, ಅವನು ತೀರಿಕೊಂಡ. ಅವನ ಸಹಾಯಕ ಹೆಯ್ನ್ ಯಾಕೋಬ್ಸನ್ ಮುಂದುವರಿಸಿದ. ರಾಜ ರಣರಂಗದಿಂದ ಬೇಗ ಮುಗಿಸಿ ಎಂದು ಪತ್ರ ಬರೆಯುತ್ತಿದ್ದ.

ಹಡಗಿಗೆ 64 ಫಿರಂಗಿಗಳು. ಅದರಲ್ಲಿ 48 ದೊಡ್ಡವು. ಅವನ್ನು ಕೆಳಗಿನ ಅಟ್ಟದಲ್ಲಿ ಮಾತ್ರವಲ್ಲ, ಮೇಲಿನ ಅಟ್ಟದಲ್ಲೂ ಕೂರಿಸಿದರು. ಅದನ್ನು ತಡೆದುಕೊಳ್ಳಲು ಮೇಲಿನ ಮರವೂ ದಪ್ಪ. ತಳದಲ್ಲಿ ಭಾರಕ್ಕೆಂದು ಸುಮಾರು 120 ಟನ್ ಕಲ್ಲು ತುಂಬಿದ್ದರು, ಅದು ಸಾಲುತ್ತಿರಲಿಲ್ಲ. ಇನ್ನೂ ತುಂಬಿದರೆ ಹಡಗು ತಗ್ಗಿ, ಕೆಳಸಾಲಿನ ಕಿಂಡಿಗಳು ನೀರಿಗೆ ಹತ್ತಿರವಾಗುತ್ತಿದ್ದವು. ಬಸ್ಸಿನ ಒಳಗೆ ಯಾರೂ ಇಲ್ಲದೆ ಟಾಪಿನ ಮೇಲೆ ಮಾತ್ರ ಅಕ್ಕಿಮೂಟೆ ಹೇರಿದರೆ ತಿರುವಿನಲ್ಲಿ ಏನಾಗುತ್ತದೆ, ಯೋಚಿಸಿ.

ಹೊರಡುವ ಮುಂಚೆ ನೌಕಾಪಡೆಯ ವೈಸ್ ಅಡ್ಮಿರಲ್ ಕ್ಲಾಸ್ ಫ್ಲೆಮಿಂಗ್ ಎದುರಿಗೆ ಒಂದು ಪರೀಕ್ಷೆ ನಡೆಯಿತು. ಹಡಗು ದಡದಲ್ಲಿ ಕಟ್ಟಿ ನಿಂತಿತ್ತು. ಮೂವತ್ತು ಜನರನ್ನು ಅಟ್ಟದ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ಒಟ್ಟಿಗೆ ಓಡಿಸಿದರು. ಓಡಿದಷ್ಟೂ ಹಡಗು ಹೆಚ್ಚು ಹೆಚ್ಚು ವಾಲತೊಡಗಿತು. ಮೂರು ಸಲ ಓಡುವಷ್ಟರಲ್ಲಿ ಸಾಕು ನಿಲ್ಲಿಸಿ ಎಂದರು. ಇನ್ನೂ ಓಡಿದರೆ ದಡದಲ್ಲೇ ಮಗುಚುವ ಭಯ.

ನಮ್ಮ ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಲಿ. ಒಬ್ಬನಿಗೆ 70 ಕಿಲೋ ಎಂದರೂ ಮೂವತ್ತು ಜನ ಸುಮಾರು ಎರಡು ಟನ್. ಹಡಗಿನ ಒಟ್ಟು ಭಾರ ಸುಮಾರು 1200 ಟನ್. ಐನೂರರಲ್ಲಿ ಒಂದು ಪಾಲಿಗಿಂತ ಕಡಿಮೆ ಭಾರ ಬದಿ ಬದಲಿಸಿದ್ದಕ್ಕೆ ಮಗುಚುವ ಭಯ ಹುಟ್ಟಿದರೆ, ಆ ಹಡಗಿನ ಗತಿ ಏನು? ಉತ್ತರ ಅಲ್ಲಿದ್ದ ಎಲ್ಲರ ಕಣ್ಣೆದುರಿಗೇ ಇತ್ತು. ಆದರೆ ಯಾರೂ ಹೊರಡಬೇಡಿ ಎನ್ನಲಿಲ್ಲ. ರಾಜರು ಊರಲ್ಲಿದ್ದಿದ್ದರೆ ಚೆನ್ನಾಗಿತ್ತು ಎಂದು ಫ್ಲೆಮಿಂಗ್ ಹೇಳಿಕೊಂಡನಂತೆ. ಕಟ್ಟಿದವನಿಗೆ ಇದು ಮೊದಲ ಹಡಗೇನಲ್ಲ ಎಂಬ ಸಮಾಧಾನದ ಮಾತೂ ಬಂತಂತೆ.

1628ರ ಆಗಸ್ಟ್ 10, ಭಾನುವಾರ. ದಡದಲ್ಲಿ ಜನಜಾತ್ರೆ. ಹಡಗಿನಲ್ಲಿ ನಾವಿಕರ ಜೊತೆಗೆ ಅವರ ಹೆಂಡಿರು ಮಕ್ಕಳೂ ಇದ್ದರು. ಗಾಳಿ ಮೆಲ್ಲನೆ ಬೀಸುತ್ತಿತ್ತು. ಮೊದಲ ಬೀಸಿಗೆ ಹಡಗು ವಾಲಿ ಹೇಗೋ ಎದ್ದಿತು. ಎರಡನೆಯ ಬೀಸಿಗೆ ಇನ್ನೂ ವಾಲಿತು. ತೆರೆದಿಟ್ಟಿದ್ದ ಕೆಳಸಾಲಿನ ಕಿಂಡಿಗಳಿಂದ ನೀರು ನುಗ್ಗಿತು. 32 ಮೀಟರ್ ಆಳಕ್ಕೆ ಹೋಗಿ ಕುಳಿತಿತು. ಸುಮಾರು ಮೂವತ್ತು ಜನ ಸತ್ತರು. ಓಡಿದವರೂ ಸುಮಾರು ಅಷ್ಟೇ ಜನ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ವಿಚಾರಣೆ ನಡೆಯಿತು. ಅಳತೆಗೆ ರಾಜನೇ ಒಪ್ಪಿಗೆ ಕೊಟ್ಟಿದ್ದ; ಕಟ್ಟಿದವನು ಸತ್ತುಹೋಗಿದ್ದ. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

1956ರಲ್ಲಿ ಆಂಡರ್ಸ್ ಫ್ರಾನ್ಸೇನ್ ಎಂಬವರು ಆ ಜಾಗ ಪತ್ತೆ ಮಾಡಿದರು. 1961ರ ಏಪ್ರಿಲ್ 24ರಂದು ಹಡಗು ನೀರಿನಿಂದ ಮೇಲೆ ಬಂತು. ಮುನ್ನೂರಕ್ಕೂ ಹೆಚ್ಚು ವರ್ಷ ಮರ ಹೇಗೆ ಉಳಿಯಿತು? ಬಾಲ್ಟಿಕ್ ಸಮುದ್ರದ ಆ ಭಾಗದಲ್ಲಿ ಉಪ್ಪು ಬಹಳ ಕಡಿಮೆ. ಮರ ಕೊರೆಯುವ ಹಡಗುಹುಳು ಅಲ್ಲಿ ಬದುಕುವುದಿಲ್ಲ. ಮೇಲೆ ಬಂದ ಮರ ಒಣಗಿ ಸಿಡಿಯದಿರಲೆಂದು ಹದಿನೇಳು ವರ್ಷ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರಾವಣವನ್ನು ಸಿಂಪಡಿಸಿದರು.

ಹಡಗಿನೊಳಗೆ ಬಡಗಿಗಳ ಅಳತೆಪಟ್ಟಿ ನಾಲ್ಕು ಸಿಕ್ಕಿವೆ. ಎರಡರಲ್ಲಿ ಸ್ವೀಡನ್ನಿನ ಅಡಿ, ಹನ್ನೆರಡು ಅಂಗುಲದ್ದು. ಇನ್ನೆರಡರಲ್ಲಿ ಆಮ್‌ಸ್ಟರ್‌ಡ್ಯಾಂ ಅಡಿ, ಹನ್ನೊಂದು ಅಂಗುಲದ್ದು. ಒಂದೇ ಹಡಗಿಗೆ ಎರಡು ಅಡಿ! ಉತ್ತರ ಪತ್ರಿಕೆಯಲ್ಲಿ ಮಾನ ಬರೆಯದ ಮಕ್ಕಳಿಗೆ ಅರ್ಧ ಅಂಕ ಕಳೆಯುವ ಮೇಷ್ಟ್ರುಗಳ ಮೇಲೆ ಸಿಟ್ಟಾಗುವವರು ಇದನ್ನೊಮ್ಮೆ ನೆನೆಯಬೇಕು.

ಗಂಗೊಳ್ಳಿಯ ದೋಣಿ

ಮ್ಯೂಸಿಯಮ್ಮಿನಲ್ಲಿ ಮೂವತ್ತು ಜನರ ಓಟದ ಕತೆ ತಿಳಿದಾಗ ನಾನು ಅಲ್ಲೇ ಒಂದು ಬೆಂಚಿನ ಮೇಲೆ ಕುಳಿತೆ. ಮಗಳು ಕಾಲು ನೋವೇ ಎಂದು ಕೇಳಿದಳು. ಆಗ ಅವಳಿಗೆ ಈ ಕತೆ ಹೇಳಿದೆ.

ಗಂಗೊಳ್ಳಿ ನೋಡಿದವರಿಗೆ ಗೊತ್ತು. ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಜಾಗ. ಕುಂದಾಪುರದಲ್ಲಿ ನಿಂತರೆ ನೀರಿನಾಚೆಗೇ ಕಾಣುತ್ತದೆ. ರಸ್ತೆಯಲ್ಲಿ ಹೋದರೆ ತ್ರಾಸಿಗಾಗಿ ದೊಡ್ಡ ಸುತ್ತು. 2008ರಲ್ಲಿ ಅಲ್ಲಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೊಸ ಫೈಬರ್ ದೋಣಿ ಕೊಳ್ಳಲು ಹೊರಟ. ತಂದೆ ಇರಲಿಲ್ಲ. ತಾಯಿ ಕೈಬಳೆ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಮಾಡಿ ಹಣ ಹೊಂದಿಸಿದ್ದರು. ಅವರು ನನಗೆ ಹೇಳಿದ್ದು ಒಂದೇ ಮಾತು: "ಮಾಷ್ಟ್ರೆ, ನೀವೊಂದ್ ಸಲ ಕಂಡ್ಕ ಬನ್ನಿ. ನಂಗ್ ಅದೆಲ್ಲ ಗೊತ್ತಾತಿಲ್ಲೆ."

ಹೋದೆ. ದೋಣಿ ಕಟ್ಟುವ ಆ ಶೆಡ್ ಬೇರೆ ಊರಿನಲ್ಲಿತ್ತು, ಬಸ್ಸಿನಲ್ಲಿ ಎರಡು ಗಂಟೆ. ದೋಣಿ ಹೊಯಿಗೆಯ ಮೇಲೆ ಮರದ ಆಸರೆಯಲ್ಲಿ ನಿಂತಿತ್ತು. ನೀಲಿ ಬಣ್ಣ ಮಿರಮಿರ ಮಿಂಚುತ್ತಿತ್ತು. ನಾನು ಬೆರಳಿನಿಂದ ತಟ್ಟಿ ನೋಡಿದೆ. ಫೈಬರ್ ಎಷ್ಟು ಪದರ, ಅಂಟು ಯಾವುದು, ಎಂಜಿನ್ ಎಷ್ಟು ಶಕ್ತಿಯದು, ಎಲ್ಲ ಕೇಳಿದೆ. ನೀರಿಗಿಳಿಸಿ ಒಮ್ಮೆ ನೋಡೋಣವೇ ಎಂದು ನನ್ನ ವಿದ್ಯಾರ್ಥಿಯೇ ಮೆಲ್ಲನೆ ಕೇಳಿದ. ಕಟ್ಟಿದವರು ನಕ್ಕರು. ಈಗ ಇಳಿತ, ಭರತ ಬರಬೇಕು, ಎತ್ತಲು ಜನ ಬೇಕು. ಇಷ್ಟು ವರ್ಷದಿಂದ ದೋಣಿ ಮಾಡುತ್ತಿದ್ದೇವೆ, ಇದುವರೆಗೆ ಯಾರೂ ಹೀಗೆ ಕೇಳಿಲ್ಲ ಎಂದರು. ನೂಲ ಹುಣ್ಣಿಮೆಯ ಸಮುದ್ರಪೂಜೆಗೆ ಮೊದಲು ದೋಣಿ ಊರಿಗೆ ಬರಬೇಕಿತ್ತು. ಹುಡುಗ ನನ್ನ ಮುಖ ನೋಡಿದ. ಅಷ್ಟು ಹಿರಿಯರ ಕೆಲಸವನ್ನು ಸಂಶಯಿಸುವುದು ಸರಿಯಲ್ಲ ಎನಿಸಿ ನಾನು, "ಇರಲಿ ಬಿಡೋ, ಚೆನ್ನಾಗಿಯೇ ಇದೆ" ಎಂದೆ. ದೋಣಿ ಲಾರಿ ಹತ್ತಿ ಗಂಗೊಳ್ಳಿಗೆ ಬಂತು.

ಪೂಜೆಯಾಯಿತು, ಹೂವಿನ ಹಾರವಾಯಿತು. ಮೊದಲ ದಿನ ನಾಲ್ವರು ಬಲೆ ತುಂಬಿಕೊಂಡು ಹೊರಟರು. ಇನ್ನೂ ಅಳಿವೆ ದಾಟಿರಲಿಲ್ಲ. ಇಬ್ಬರು ಒಂದೇ ಬದಿಗೆ ಬಾಗಿ ಬಲೆ ಸರಿಪಡಿಸುವಾಗ ದೋಣಿ ವಾಲಿತು, ನೀರು ಒಳಗೆ ಬಂತು, ಮಗುಚಿತು. ಹತ್ತಿರದಲ್ಲೇ ಇನ್ನೊಂದು ದೋಣಿ ಇದ್ದದ್ದರಿಂದ ನಾಲ್ವರ ಜೀವವೂ ಉಳಿಯಿತು. ಬಲೆ ಹೋಯಿತು. ಎಂಜಿನ್ ಕೆಟ್ಟಿತು. ಕಿಂಡಿಗಳಿಂದ ನೀರು ಬಂದ ರಾಜನ ಹಡಗಿಗೂ ನಮ್ಮ ಹುಡುಗನ ದೋಣಿಗೂ ಕಾರಣ ಒಂದೇ.

ಸುದ್ದಿ ತಿಳಿದು ಓಡಿದೆ. ತಾಯಿ ಬೈಯಲಿಲ್ಲ, ಅಳಲಿಲ್ಲ. "ನೀವ್ ಕಂಡಿದ್ರಿ ಅಲ್ದಾ ಮಾಷ್ಟ್ರೆ?" ಎಂದರು, ಅಷ್ಟೇ. ಇಪ್ಪತ್ತು ವರ್ಷ ಆರ್ಕಿಮಿಡೀಸ್ ತತ್ತ್ವ ಪಾಠ ಮಾಡಿದವನಿಗೆ ಉತ್ತರ ಹೊಳೆಯಲಿಲ್ಲ.

ಮರುದಿನ ಹಿರಿಯ ತಾಂಡೇಲರೊಬ್ಬರು ಬಂದರು. ದೋಣಿಯನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಇಬ್ಬರು ಹುಡುಗರನ್ನು ಒಂದು ಅಂಚಿಗೆ ಹತ್ತಿಸಿ, ತಟ್ಟನೆ ಇಳಿಯಲು ಹೇಳಿದರು. ದೋಣಿ ವಾಲಿದ್ದು ಮೆಲ್ಲನೆ ಮೆಲ್ಲನೆ ಎದ್ದಿತು. ಅವರೆಂದರು: "ಕಾಣಿ ಮಾಷ್ಟ್ರೆ, ದೋಣಿ ಕೂಡ್ಲೆ ಎದ್ರೆ ಅದ್ಕೆ ಜೀವ ಇತ್ತ್ ಅಂತ. ನಿಧಾನಕ್ಕೆ ಎದ್ರೆ, ಏಳುದಾ ಬೇಡ್ದಾ ಅಂತ ಯೋಚ್ನೆ ಮಾಡತ್ತ್ ಅಂತ." ಐದು ನಿಮಿಷದ ಕೆಲಸ. ಮೀನು ಹೆಚ್ಚು ಹಿಡಿಸಲೆಂದು ಒಳಗಿನ ಹಲಗೆಯ ನೆಲವನ್ನು ಎತ್ತರಿಸಿಬಿಟ್ಟಿದ್ದರು. ಬಲೆ, ಜನ ಎಲ್ಲ ಮೇಲೆ ಕೂರುತ್ತಿದ್ದುದರಿಂದ ದೋಣಿಯ ತಲೆ ಭಾರವಾಗಿತ್ತು. ನೆಲ ತಗ್ಗಿಸಿ, ಅಡಿಗೆ ಮರಳಿನ ಚೀಲ ಇಟ್ಟರು. ಆ ದೋಣಿ ಅನಂತರ ವರ್ಷಗಟ್ಟಲೆ ದುಡಿಯಿತು. ಆದರೆ ಬಳೆ ಬಿಡಿಸಿಕೊಳ್ಳಲು ಆ ತಾಯಿಗೆ ನಾಲ್ಕು ವರ್ಷ ಬೇಕಾಯಿತು.

ಬಕೆಟಿನಲ್ಲೊಂದು ಪ್ರಯೋಗ

ತಾಂಡೇಲರ ಮಾತಿನಲ್ಲಿ ಪೂರ್ತಿ ವಿಜ್ಞಾನವಿದೆ. ದೋಣಿಯ ಭಾರವೆಲ್ಲ ಕೆಳಮುಖವಾಗಿ ಎಳೆಯುವ ಬಿಂದು ಗುರುತ್ವ ಕೇಂದ್ರ. ನೀರು ಮೇಲಕ್ಕೆ ತಳ್ಳುವ ಬಿಂದು ಮುಳುಗಿದ ಭಾಗದ ನಡುವೆ ಇರುತ್ತದೆ. ದೋಣಿ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ, ತಳ್ಳುವ ಬಿಂದು ವಾಲಿದ ಬದಿಗೆ ಸರಿದು ದೋಣಿಯನ್ನು ಎತ್ತಿ ನಿಲ್ಲಿಸುತ್ತದೆ. ಗುರುತ್ವ ಕೇಂದ್ರ ತೀರ ಮೇಲಿದ್ದರೆ ಎತ್ತುವ ಬಲ ಸಾಲದು; ಎತ್ತುವ ಬದಲು ಕವುಚಿಯೇ ಹಾಕಬಹುದು. ಫ್ರಾನ್ಸಿನ ಪಿಯರ್ ಬುಗೇರ್ ಇದಕ್ಕೆ ಮೆಟಾಸೆಂಟರ್ ಎಂಬ ಲೆಕ್ಕ ಕೊಟ್ಟದ್ದು 1746ರಲ್ಲಿ, ವಾಸಾ ಮುಳುಗಿ 118 ವರ್ಷದ ಮೇಲೆ. ಇಂದಿಗೂ ಹೊಸ ಹಡಗಿನಲ್ಲಿ ಗೊತ್ತಾದ ತೂಕವನ್ನು ಗೊತ್ತಾದ ದೂರ ಸರಿಸಿ, ತೂಗುಬಿಟ್ಟ ಗುಂಡಿನಿಂದ ವಾಲಿದ ಕೋನ ಅಳೆಯುತ್ತಾರೆ. ಅದು ಮೂವತ್ತು ಜನರ ಓಟವೇ. ಓಟದ ಬದಲು ಲೆಕ್ಕ.

ಮನೆಯಲ್ಲಿ ಮಕ್ಕಳು ಖಾಲಿ ಐಸ್‌ಕ್ರೀಮ್ ಡಬ್ಬಿಯ ತಳದಲ್ಲಿ ನಾಲ್ಕು ಕಲ್ಲಿಟ್ಟು ಬಕೆಟಿನಲ್ಲಿ ತೇಲಿಸಿ, ಅಂಚನ್ನು ಒತ್ತಿ ಬಿಡಲಿ. ಎಷ್ಟು ಬೇಗ ಏಳುತ್ತದೆ ನೋಡಲಿ. ಆಮೇಲೆ ಅವೇ ಕಲ್ಲುಗಳನ್ನು ಡಬ್ಬಿಯೊಳಗೆ ಒಂದು ಲೋಟ ಕವುಚಿ ಅದರ ಮೇಲಿಟ್ಟು ಒತ್ತಲಿ. ಭಾರ ಅದೇ, ಜಾಗ ಮಾತ್ರ ಬೇರೆ. ಅಪ್ಪ ಅಮ್ಮಂದಿರೂ ಪಕ್ಕದಲ್ಲಿ ಕುಳಿತು ನೋಡಬಹುದು.

ವಾಸಾದ ತಮ್ಮನಂಥ ಹಡಗೊಂದಿತ್ತು, ಎಪ್ಲೆಟ್ ಎಂದು ಹೆಸರು. ಅದೇ ಯಾಕೋಬ್ಸನ್ ಕಟ್ಟಿದ್ದು, ಸ್ವಲ್ಪ ಅಗಲ ಹೆಚ್ಚಿಸಿ. ಅದು ಸುಮಾರು ಮೂವತ್ತು ವರ್ಷ ಸೇವೆ ಮಾಡಿ, 1659ರಲ್ಲಿ ಅವರೇ ಮುಳುಗಿಸುವವರೆಗೂ ಮಗುಚಲಿಲ್ಲ. ಪತ್ತೆಯಾಗಿದ್ದ ಅವಶೇಷವೊಂದು ಅದರದೇ ಎಂದು 2022ರಲ್ಲಿ ಖಚಿತವಾಯಿತು. ಮನುಷ್ಯ ತಪ್ಪಿನಿಂದ ಕಲಿಯಬಲ್ಲ. ಬೆಲೆ ಮಾತ್ರ ಕೆಲವೊಮ್ಮೆ ಬೇರೆಯವರು ಕೊಟ್ಟಿರುತ್ತಾರೆ.

ಪರೀಕ್ಷೆ ಮಾಡುವುದು ಕಟ್ಟಿದವನಿಗೆ ಅವಮಾನ ಎಂದು ನಾನು ಅಂದು ತಿಳಿದಿದ್ದೆ. ನನ್ನ ವಿದ್ಯಾರ್ಥಿ ಕೇಳಿದ ಸರಿಯಾದ ಪ್ರಶ್ನೆಯನ್ನು ಸಂಕೋಚದಿಂದ ನಾನೇ ಬಾಯಿ ಮುಚ್ಚಿಸಿದೆ. ಈಗ ತರಗತಿಯಲ್ಲಿ ಯಾರಾದರೂ ಎದ್ದು, "ಸರ್, ಮಾಡಿ ನೋಡೋಣ್ವಾ?" ಎಂದರೆ ಗಂಟೆ ಬಾರಿಸುವ ಹೊತ್ತಾಗಿದ್ದರೂ ಇಲ್ಲವೆನ್ನುವುದಿಲ್ಲ.

ಆ ದಿನ ಮ್ಯೂಸಿಯಮ್ಮಿನಿಂದ ಹೊರಬಂದಾಗ ಮಗಳು ದಡದಲ್ಲಿದ್ದ ಪ್ರವಾಸಿ ದೋಣಿಯನ್ನು ತೋರಿಸಿ ಹತ್ತೋಣವೇ ಎಂದಳು. ಹತ್ತಿದೆವು. ನಾನು ಮೊದಲು ಅಂಚಿನಲ್ಲಿ ಕಾಲಿಟ್ಟು, ಒಮ್ಮೆ ಒತ್ತಿ ನೋಡಿದೆ. ಕೂಡಲೇ ಎದ್ದಿತು.