ಗಾಳಿಗೊಂದು ಗುರಾಣಿ

ಮನುಷ್ಯನಿಗೂ ಗಾಳಿಗೂ ಇರುವ ನಂಟು ವಿಚಿತ್ರವಾದುದು. ಗಾಳಿಯಿಲ್ಲದೆ ಅವನು ಐದು ನಿಮಿಷ ಬದುಕಲಾರ. ಅದೇ ಗಾಳಿ ಎದುರಿನಿಂದ ಅರ್ಧ ತಾಸು ಬಡಿಯಿತೆಂದರೆ ಸಹಿಸಲಾರ. ಈ ಮಾತಿನಲ್ಲಿ ಸಂಶಯವುಳ್ಳವರು ಆಷಾಢ ಮಾಸದಲ್ಲಿ ಮೋಟಾರ್ ಸೈಕಲ್ ಏರಿ ರೋಣ ತಾಲ್ಲೂಕಿನ ಯಾವಗಲ್ಲಿಗೆ ಒಮ್ಮೆ ಬರಬೇಕು. ಕಣ್ಣು ಹಾಯುವವರೆಗೂ ಎರೆಭೂಮಿ. ನಡುವೆ ಅಲ್ಲೊಂದು ಇಲ್ಲೊಂದು ಜಾಲಿಯ ಮರ. ಗದಗಿನಾಚೆ ಕಪ್ಪತಗುಡ್ಡದ ಸಾಲಿನಲ್ಲಿ ವಿದ್ಯುತ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದವರು ನಮ್ಮ ಸೀಮೆಯ ಸ್ವಭಾವವನ್ನು ಬಲ್ಲವರೇ ಸರಿ.

ನಾನು ಗದಗಿನಲ್ಲಿ ಕನ್ನಡ ಪಾಠ ಹೇಳುವವನು. ತಂದೆಯವರು ಯಾವಗಲ್ಲಿನಲ್ಲಿ ಒಬ್ಬರೇ ಇದ್ದಾರೆ. ಊರು ಬಿಟ್ಟು ಬರಲು ಅವರು ಒಪ್ಪರು. ಕೆಲಸ ಬಿಟ್ಟು ಹೋಗಲು ನನಗಾಗದು. ಈ ಎರಡರ ನಡುವಣ ಸೇತುವೆಯೆಂದರೆ ನನ್ನ ಮೋಟಾರ್ ಸೈಕಲ್. ಲಾರಿಯೊಂದರ ಗಾಲಿಯಿಂದ ಚಿಮ್ಮಿದ ಕಲ್ಲಿನ ಚೂರು ಮೊನ್ನೆ ಅದರ ಮುಂಗಾಜನ್ನು ಸೀಳಿತು. ಗಾಜೆಂದು ಕರೆದರೂ ಅದು ಗಾಜಲ್ಲ, ಪ್ಲಾಸ್ಟಿಕ್. ಹೀಗಾಗಿ 'ವಿಂಡ್‌ಶೀಲ್ಡ್' ಎಂಬುದಕ್ಕೆ 'ಗಾಳಿಗುರಾಣಿ' ಎಂಬ ಹೆಸರೇ ಯುಕ್ತವೆಂದು ನಾನು ಮನೆಯಲ್ಲಿ ಪ್ರತಿಪಾದಿಸುತ್ತಿದ್ದಾಗ ನನ್ನಾಕೆ, "ಹೆಸರು ಆಮೇಲೆ ಇಡ್ರಿ, ಮೊದಲು ಹೊಸಾದು ಹಾಕಿಸ್ಕೊಂಡ್ ಬರ್ರಿ" ಎಂದು ಚರ್ಚೆಗೆ ಮಂಗಳ ಹಾಡಿದಳು.

ಹುಬ್ಬಳ್ಳಿಯ ಅಂಗಡಿಯಾತ ಮೂರು ಎತ್ತರದ ಗುರಾಣಿಗಳನ್ನು ಮುಂದಿಟ್ಟು, "ದೊಡ್ಡದ ಹಾಕಿಸ್ರಿ ಸರ, ಮಾರಿಗೆ ಗಾಳೀನ ಬಡಿಯಂಗಿಲ್ಲ" ಎಂದ. ಅವನ ಮಾತು ಸುಳ್ಳಲ್ಲ. ವೇಗ ಇಮ್ಮಡಿಯಾದರೆ ಗಾಳಿಯ ಒತ್ತಡ ನಾಲ್ಮಡಿಯಾಗುವುದು. 40 ಕಿಲೋಮೀಟರಿನಲ್ಲಿ ಎದೆಯನ್ನು ಸವರುವ ಗಾಳಿ 80ಕ್ಕೆ ಗುದ್ದುತ್ತದೆ. ಆದರೆ ನನ್ನ ಹಳೆಯ ಗುರಾಣಿಯೂ ದೊಡ್ಡದೇ ಆಗಿದ್ದಿತು. ಹಗಲಿನಲ್ಲಿ ಅದು ಉಪಕಾರಿ. ಮಳೆ ಬಂದರೆ, ಒರೆಸುವ ಕಡ್ಡಿಯಿಲ್ಲದ ಆ ಪರದೆಯ ಮೇಲೆ ಹನಿಗಳು ನಿಂತು ದಾರಿ ಮಸುಕಾಗುತ್ತಿತ್ತು. ಇರುಳಿನಲ್ಲಂತೂ ಎದುರು ಬರುವ ವಾಹನದ ಬೆಳಕು ಅದರ ಗೀರುಗಳಲ್ಲಿ ಚದುರಿ ಕಣ್ಣು ಕತ್ತಲಿಡುತ್ತಿತ್ತು. ಅದಕ್ಕಾಗಿಯೇ ನಾನು ಊರಿನಿಂದ ಸೂರ್ಯಾಸ್ತಕ್ಕೆ ಮುನ್ನವೇ ಹೊರಡುತ್ತಿದ್ದೆ. ತಂದೆಯವರು ಮಾತಿಗೆ ತೊಡಗುವುದು ದೀಪ ಹಚ್ಚಿದ ಮೇಲೆ!

ಹಾಗೆಂದು ತೀರ ಗಿಡ್ಡದನ್ನು ಕೊಂಡರೆ, ಅದರ ಅಂಚಿನಿಂದ ಮೇಲೆದ್ದ ಗಾಳಿ ನೇರವಾಗಿ ಹೆಲ್ಮೆಟ್ಟಿಗೆ ಅಪ್ಪಳಿಸಿ ತಲೆಯನ್ನು ಗಡಗಡ ಅಲುಗಿಸುತ್ತದೆ. ನೆಟ್ಟಗೆ ಕುಳಿತಾಗ ಗುರಾಣಿಯ ಮೇಲಂಚು ಸವಾರನ ಮೂಗಿನ ಮಟ್ಟಕ್ಕಿದ್ದರೆ ಒಳ್ಳೆಯದು. ಆಗ ಗಾಳಿ ತಲೆಯ ಮೇಲೆ ಹಾಯುವುದು. ದೃಷ್ಟಿ ಅಂಚಿನ ಮೇಲಿಂದ ಹಾಯುವುದು. ನಾನು ಅಂಗಡಿಯ ಮುಂದೆಯೇ ಗಾಡಿಯ ಮೇಲೆ ಕುಳಿತು ಮೂಗಿಗೆ ಹಿಡಿದು ನೋಡಿ, ನಡುವಣದನ್ನು ಆರಿಸಿದೆ. ಅಕ್ರಿಲಿಕ್ಕಿನದು ಬಲು ನಿರ್ಮಲ, ಆದರೆ ಕಲ್ಲು ತಾಗಿದರೆ ಸೀಳುತ್ತದೆ. ಪಾಲಿಕಾರ್ಬೊನೇಟಿನದು ಪೆಟ್ಟು ತಾಳುತ್ತದೆ, ಆದರೆ ಬೇಗ ಗೀರು ಬೀಳುತ್ತದೆ. ಲಾರಿಗಳ ಹಿಂದೆ ಸಾಗಬೇಕಾದ ನಾನು ಎರಡನೆಯದನ್ನೇ, ಗೀರು ತಡೆಯುವ ಲೇಪವಿದ್ದುದನ್ನು ಕೊಂಡೆ. ಇದನ್ನು ಪೆಟ್ರೋಲಿನಿಂದ ಒರೆಸಲಾಗದು. ಎರೆಮಣ್ಣಿನ ಧೂಳನ್ನು ಒಣಬಟ್ಟೆಯಿಂದ ಉಜ್ಜಲೂ ಆಗದು. ನೀರಿನಿಂದ ನೆನೆಸಿ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು.

ತಂದೆಯವರ ಯೆಜ್ಡಿಗೆ ಇಂಥ ಭೋಗವಿರಲಿಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಆ ಗಾಡಿಯ ಮೇಲೆ ಅವರು ಮುಖಕ್ಕೆ ಟವೆಲ್ಲು ಸುತ್ತಿಕೊಂಡು, ಕೆಂಪಾದ ಕಣ್ಣುಗಳೊಂದಿಗೆ ಸಂತೆಯಿಂದ ಮರಳುತ್ತಿದ್ದರು. ಅವರು ಹೊಸ ಗುರಾಣಿಯನ್ನು ಬೆರಳಿನಿಂದ ತಟ್ಟಿ ನೋಡಿ ಕೇಳಿದರು:

"ತಮ್ಮಾ, ಇದರಿಂದ ಗಾಡಿ ಜೋರು ಓಡ್ತದೇನು?"

"ಇಲ್ಲಪಾ. ಕತ್ತಲದಾಗ ದಾರಿ ಚಲೋ ಕಾಣ್ತದ."

"ಹಂಗಾರ ಇನ್ನೊಂದು ತಾಸು ಕುಂಡ್ರು."

ಕುಳಿತೆ. ಅಂಗಡಿಯಾತ ಲೆಕ್ಕ ಹಾಕಿದ ಬೆಲೆಯಲ್ಲಿ ಈ ತಾಸು ಸೇರಿರಲಿಲ್ಲ.