ಕ್ಯಾಂಟ್ ಕಡೆಯ ಮಾತು

ಕಾಶಿಯ ಬಗ್ಗೆ ಬರೆದವರೆಲ್ಲ ಗಂಗೆಯ ಕಡೆ ಮುಖ ಮಾಡಿ ಕೂತು ಬರೆದಿದ್ದಾರೆ. ಘಾಟು, ಗಲ್ಲಿ, ಮಣಿಕರ್ಣಿಕೆಯ ಹೊಗೆ, ಸಂಜೆಯ ಆರತಿ. ಅವರ ಬೆನ್ನ ಹಿಂದೆ, ನಾಲ್ಕು ಕಿಲೋಮೀಟರ್ ಆಚೆ, ವರುಣಾ ನದಿಯ ಪಕ್ಕದಲ್ಲಿ ಇನ್ನೊಂದು ಕಾಶಿ ಇದೆ. ಕಾಗದದ ಮೇಲೆ ಅದು ಕಂಟೋನ್ಮೆಂಟ್, ಊರವರ ಬಾಯಲ್ಲಿ ಕ್ಯಾಂಟ್. ಮಾಲ್ ರೋಡು, ಸೇಂಟ್ ಮೇರಿ ಚರ್ಚು, ಗೂರ್ಖಾ ತರಬೇತಿ ಕೇಂದ್ರ, ಮರಗಳ ಹಿಂದೆ ಅಡಗಿದ ಹಳೆಯ ಬಂಗಲೆಗಳು. ಪುಣ್ಯಕ್ಕೆಂದು ಬಂದವರಿಗೆ ಅಲ್ಲಿ ಏನೂ ಕೆಲಸವಿಲ್ಲ. ಆದರೆ ಬಂದವರು ಇಳಿಯುವುದು ಅದರ ಬಾಗಿಲಲ್ಲೇ. ಬೋರ್ಡಿನಲ್ಲಿ ವಾರಾಣಸಿ ಜಂಕ್ಷನ್ ಎಂದಿದ್ದರೂ ಊರಿಗೆಲ್ಲ ಅದು ಕ್ಯಾಂಟ್ ಸ್ಟೇಷನ್ನು.

ನೌಕರಿಯ ದೆಸೆಯಿಂದ ಕೆಲವು ವರ್ಷ ನಾನು ನದೇಸರ್ ಬಳಿ ಬಾಡಿಗೆಗಿದ್ದೆ. ಆಗ ನನಗೆ ಊರನ್ನು ಪರಿಚಯಿಸಿದವರಲ್ಲಿ ಪಂಡಿತರು ಯಾರೂ ಇರಲಿಲ್ಲ. ಪರೇಡ್ ಕೋಠಿಯಲ್ಲಿ ಚಹಾದಂಗಡಿ ಇಟ್ಟವನು, ಒಂದು ಬಂಗಲೆಯ ಮಾಲಿ, ಕೆಂಪಂಗಿ ಬಿಚ್ಚಿಟ್ಟ ಮೇಲೂ ಸ್ಟೇಷನ್ ಬಿಡಲಾರದೆ ಕೂತಿರುತ್ತಿದ್ದ ಒಬ್ಬ ಮುದಿ ಕೂಲಿ. "ಕಾ ಗುರು" ಎಂದು ಶುರುವಾದ ಮಾತು ಮುಗಿಯಬೇಕಾದರೆ ಎರಡು ಕುಲ್ಹಡ್ ಚಹಾ ಖಾಲಿಯಾಗಬೇಕು. ತಾರೀಖು ಅವರಿಗೆ ಬೇಡ. 1978ರ ಸೆಪ್ಟೆಂಬರಿನ ಪ್ರವಾಹದಲ್ಲಿ ಗಂಗೆ 73.9 ಮೀಟರ್ ಮುಟ್ಟಿದ್ದು ಸರ್ಕಾರಿ ದಾಖಲೆಯಲ್ಲಿದೆ; ಕಾಶಿ ಕಂಡ ಅತಿ ಎತ್ತರದ ಮಟ್ಟ ಅದು. ಚಹಾದವನ ದಾಖಲೆ ಬೇರೆ. ಗಂಗೆಯ ನೀರು ನೂಕಿ ವರುಣಾ ಹಿಂದಕ್ಕೆ ಉಬ್ಬಿದಾಗ ಯಾರ ಎಮ್ಮೆ ಯಾರ ಅಂಗಳದಲ್ಲಿ ನಿಂತಿತ್ತು, ಯಾವ ಬಂಗಲೆಯವರು ಗೇಟು ತೆರೆದರು, ಯಾರು ತೆರೆಯಲಿಲ್ಲ. ತೆರೆಯದವರ ಮನೆಗೆ ಅವನು ಕೊನೆಯವರೆಗೂ ಉದ್ದರಿ ಕೊಡಲಿಲ್ಲ.

ಮಾಲಿಗೆ ಬಂಗಲೆಗಳ ನಂಬರು ಗೊತ್ತಿರಲಿಲ್ಲ. ಯಾವ ಮೇಮ್‌ಸಾಬ್ ಇದ್ದಾಗ ಯಾವ ಮಾವು ನೆಟ್ಟದ್ದು, ಯಾವ ಬಾವಿ ಯಾಕೆ ಮುಚ್ಚಿತು ಎಂದು ಹೇಳಿಕೊಂಡು ಹೋಗುತ್ತಿದ್ದ. ಅವನಿಗೆ ಅಪ್ಪ ಹೇಳಿದ್ದು, ಅಪ್ಪನಿಗೆ ಅವನಪ್ಪ. ಅವನ ಮಗ ಸೂರತ್ತಿನ ಕಾರ್ಖಾನೆಗೆ ಹೋದ. ಅಲ್ಲಿಗೆ ಆ ಸರಪಣಿ ಕಡಿಯಿತು.

ಈ ಕಡೆಯ ಚರಿತ್ರೆ ಬರೆದಿಟ್ಟಿಲ್ಲ ಎಂದಲ್ಲ. 1799ರ ಜನವರಿಯಲ್ಲಿ ಪದಚ್ಯುತ ನವಾಬ ವಜೀರ್ ಅಲಿಯ ಕಡೆಯವರು ಚೆರ್ರಿ ಎಂಬ ಕಂಪನಿ ಅಧಿಕಾರಿಯನ್ನು ಕೊಂದು, ನದೇಸರ್ ಕೋಠಿಯಲ್ಲಿದ್ದ ಸ್ಯಾಮ್ಯುಯೆಲ್ ಡೇವಿಸನ ಮೇಲೆ ಬಿದ್ದರು. ಹೆಂಡತಿ ಮಕ್ಕಳನ್ನು ಮಾಳಿಗೆಗೆ ಹತ್ತಿಸಿ, ಕಿರಿದಾದ ಮೆಟ್ಟಿಲ ಮೇಲೆ ಒಂದು ಈಟಿ ಹಿಡಿದು ಡೇವಿಸ್ ಒಬ್ಬನೇ ಅವರನ್ನು ತಡೆದ. ಮುಂದೆ ಹಾಂಗ್‌ಕಾಂಗಿನ ಗವರ್ನರ್ ಆದ ಅವನ ಮಗ ಅದನ್ನೆಲ್ಲ ಪುಸ್ತಕ ಮಾಡಿದ. ಆ ಮನೆಯ ಅಡುಗೆಯವನು, ನೀರು ಹೊರುವವನು ಆ ಹೊತ್ತಿನಲ್ಲಿ ಎಲ್ಲಿದ್ದರು? ಅವರ ಮಕ್ಕಳಿಗೆ ಪುಸ್ತಕ ಬರೆಯಲು ಯಾರು ಕಲಿಸಿದ್ದರು? 1857ರ ಜೂನ್ 4ರಂದು ಇಲ್ಲಿಯ ಪರೇಡ್ ಮೈದಾನದಲ್ಲಿ 37ನೇ ದೇಶೀ ಪದಾತಿ ದಳದ ಬಂದೂಕು ಕಿತ್ತುಕೊಳ್ಳಲು ಹೋಗಿ ಗುಂಡು ಹಾರಿತು, ಆಮೇಲೆ ನೇಣುಗಂಬಗಳು ಎದ್ದವು. ಬ್ರಿಟಿಷ್ ಸೇನಾಧಿಕಾರಿ ಕರ್ನಲ್ ನೀಲ್‌ನ ಕಡೆಯ ವಿವರ ಧಾರಾಳ ಸಿಗುತ್ತದೆ, ಓಡಿಹೋದ ಸಿಪಾಯಿಯ ಕಡೆಯದು ಸಿಗುವುದಿಲ್ಲ.

ಇಲ್ಲಿಯ ಮಿಂಟ್ ಹೌಸಿನ ಹೆಸರಿನೊಂದಿಗೆ ಸೇರಿಕೊಂಡ ಜೇಮ್ಸ್ ಪ್ರಿನ್ಸೆಪ್ 1820ರಿಂದ ಹತ್ತು ವರ್ಷ ಬನಾರಸದ ಟಂಕಸಾಲೆಯಲ್ಲಿ ಲೋಹ ಪರೀಕ್ಷಿಸುವ ಅಧಿಕಾರಿಯಾಗಿದ್ದ. ಊರಿನ ನಕ್ಷೆ ಬರೆದ, ಜನಗಣತಿ ಮಾಡಿದ, ಚಿತ್ರ ಬಿಡಿಸಿದ. 1837ರಲ್ಲಿ ಕಲ್ಕತ್ತೆಯಲ್ಲಿ ಬ್ರಾಹ್ಮಿ ಲಿಪಿಯ ಗುಟ್ಟು ಒಡೆದವನೂ ಅವನೇ. ಅದರ ಬಲದಿಂದಲೇ ನಮ್ಮ ಮಸ್ಕಿಯ ಬಂಡೆ 1915ರಲ್ಲಿ ಸಿಕ್ಕಾಗ ಅದರ ಮೇಲಿದ್ದ ಅಶೋಕನ ಹೆಸರನ್ನು ಓದಲು ಬಂತು. ಇಷ್ಟೆಲ್ಲ ಮಾಡಿದ ಮನುಷ್ಯ ತನ್ನ ಟಂಕಸಾಲೆಯಲ್ಲಿ ತಿದಿ ಊದುತ್ತಿದ್ದವನನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿಸಿ ಬರೆದಿಟ್ಟಿದ್ದರೆ ಎಂದು ನನಗೆ ಆಸೆ. ದುರಾಸೆಯೇ ಇರಬಹುದು.

ಕನ್ನಡದ ಮನೆಗಳಲ್ಲೂ ಕ್ಯಾಂಟಿನ ಒಂದು ಬಾಯಿಚರಿತ್ರೆ ಇತ್ತು. ಕಾಶಿಗೆ ಹೋಗಿಬಂದ ಅಜ್ಜಿಯರು ಸಮಾರಾಧನೆ ಮುಗಿಸಿ, ಮೊಹರು ಮಾಡಿದ ಗಂಗೆಯ ಗಿಂಡಿ ದೇವರ ಮನೆಯಲ್ಲಿಟ್ಟು, ಕಾಶಿದಾರ ಹಂಚಿ, ಆಮೇಲೆ ಕತೆಗೆ ಕೂರುತ್ತಿದ್ದರು. ಯಾವ ಹಣ್ಣು ಬಿಟ್ಟರು, ಯಾವ ತರಕಾರಿ ಬಿಟ್ಟರು ಎನ್ನುವುದು ಕೊನೆಗೆ. ಮೊದಲು ರೈಲು. ಮೊಗಲ್‌ಸರಾಯಿ ದಾಟಿ, 1887ರಲ್ಲಿ ಕಟ್ಟಿದ ಸೇತುವೆಯ ಮೇಲೆ ಗಾಡಿ ಸದ್ದು ಬದಲಿಸಿದಾಗ ಕಿಟಕಿಗೆ ಮುಗಿಬಿದ್ದು ಕಾಸು ಎಸೆದದ್ದು. ಆಮೇಲೆ ಕ್ಯಾಂಟ್. ಟ್ರಂಕು ಹಾಸಿಗೆ ಸುರುಳಿಗಳ ನಡುವೆ ದಿಕ್ಕು ತಪ್ಪಿ ನಿಂತಾಗ ಯಾರೋ ಅಚ್ಚಗನ್ನಡದಲ್ಲಿ "ಯಾವೂರಮ್ಮಾ? ಗೋತ್ರ ಯಾವುದು?" ಎಂದು ಕೇಳುತ್ತಾರೆ. ಪುರೋಹಿತರ ಕಡೆಯ ಆಳು. ಅವರ ವಹಿಯಲ್ಲಿ ನಿಮ್ಮ ಮುತ್ತಾತನ ಹೆಸರಿರುತ್ತದೆ, ಅವನ ಕೈಬರಹವೂ ಇರಬಹುದು. ಅಲ್ಲಿಂದ ಕೆಲವರು ಹನುಮಾನ್ ಘಾಟಿಗೆ, ಮೈಸೂರು ಸಂಸ್ಥಾನದವರ ಘಾಟಿನ ಕಡೆಗೆ. ಕೆಲವರು ಜಂಗಮವಾಡಿ ಮಠಕ್ಕೆ. ಮಾಳವೀಯರ ವಿಶ್ವವಿದ್ಯಾಲಯಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರೇ ಮೊದಲ ಕುಲಾಧಿಪತಿಗಳಾಗಿದ್ದ ಕಾಲದಿಂದ ಓದಲು ಹೋದ ಹುಡುಗರೂ ಇದೇ ದಾರಿಯಲ್ಲಿ ಹೋದವರು.

ಆ ದಾರಿ ಮುಖ್ಯ. ವಿದ್ಯಾಪೀಠ, ಸಿಗ್ರಾ, ರಥಯಾತ್ರಾ, ಗಿರಜಾಘರ್, ಗೋದೌಲಿಯಾ. ಸೈಕಲ್ ರಿಕ್ಷಾದಲ್ಲಿ ಮುಕ್ಕಾಲು ಗಂಟೆ. ಬೆನ್ನು ತೋರಿಸಿಕೊಂಡೇ ಮಾತಾಡುವ ಕಲೆ ರಿಕ್ಷಾದವನಿಗೆ ಕರಗತ. ಇದು ಭಾರತ ಮಾತಾ ಮಂದಿರ, ಒಳಗೆ ವಿಗ್ರಹವಿಲ್ಲ, ಅಮೃತಶಿಲೆಯ ನಕ್ಷೆ ಇದೆ, 1936ರಲ್ಲಿ ಗಾಂಧೀಜಿ ಬಂದು ತೆರೆದರು. ನಮ್ಮಪ್ಪ ಆ ಗುಂಪಿನಲ್ಲಿದ್ದ. ಇದ್ದನೋ ಇಲ್ಲವೋ, ಯಾರು ನೋಡಿದ್ದಾರೆ. ಈಗ ಟೋಟೋ ಎಂಬ ಇ-ರಿಕ್ಷಾದವನು ಆರು ಜನರನ್ನು ತುರುಕಿಕೊಂಡು ಮೊಬೈಲಿನ ಹಾಡು ಹಾಕುತ್ತಾನೆ. 2023ರ ಮಾರ್ಚ್‌ನಲ್ಲಿ ಅಡಿಗಲ್ಲು ಬಿದ್ದ ರೋಪ್‌ವೇ ಯೋಜನೆಯ ಪ್ರಕಾರ ಅದೇ ದಾರಿ ಹದಿನಾರು ನಿಮಿಷದ್ದು, ಅದೂ ಆಕಾಶದಲ್ಲಿ. ಟ್ರಾಫಿಕ್ಕಿನಲ್ಲಿ ಸಿಕ್ಕವನಿಗೆ ಅದು ವರವೇ. ಗಾಜಿನ ಡಬ್ಬಿಯೊಳಗೆ ಹತ್ತು ಜನ ಅಪರಿಚಿತರು ಒಬ್ಬರಿಗೊಬ್ಬರು ಏನು ಹೇಳಿಕೊಳ್ಳುತ್ತಾರೆ ಎಂಬುದಷ್ಟೇ ನನ್ನ ತಕರಾರು.

ವಿಶ್ವನಾಥ ಕಾರಿಡಾರಿಗಾಗಿ ಮುನ್ನೂರಕ್ಕೂ ಹೆಚ್ಚು ಕಟ್ಟಡ ಹೋದಾಗ ದೇಶವೇ ವಾದ ಮಾಡಿತು. ಸರಿಯೋ ತಪ್ಪೋ, ಮಾತಾದರೂ ಆಯಿತು. ಕ್ಯಾಂಟಿನದು ಸದ್ದಿಲ್ಲದ ಸವೆತ. ಅಲ್ಲಿನ ಅನೇಕ ಹಳೆಯ ಬಂಗಲೆಗಳು ಓಲ್ಡ್ ಗ್ರಾಂಟ್ ಎಂಬ 1836ರ ಕಟ್ಟಳೆಯವು: ನೆಲ ಸರ್ಕಾರದ್ದು, ಗೋಡೆ ಸೂರು ಮಾತ್ರ ಮನೆಯವನದು, ಒಂದು ತಿಂಗಳ ನೋಟಿಸು ಕೊಟ್ಟು ವಾಪಸು ಪಡೆಯಬಹುದು. ಹಾಗಿರುವಾಗ ಯಾರು ರಿಪೇರಿಗೆ ಮನಸ್ಸು ಮಾಡುತ್ತಾರೆ? ಸೂರು ಕುಸಿಯುತ್ತದೆ, ಮಕ್ಕಳು ಲಖನೌಗೋ ನೋಯ್ಡಾಕ್ಕೋ ಹೋಗುತ್ತಾರೆ, ಔಟ್‌ಹೌಸಿನವರು ಎಲ್ಲಿಗೆ ಹೋದರೆಂದು ಯಾರೂ ಕೇಳುವುದಿಲ್ಲ. ಸ್ಟೇಷನ್ ಬಳಿ ಮೇಲ್ಸೇತುವೆ ಕಟ್ಟುವಾಗ 2018ರ ಮೇ 15ರಂದು ತೊಲೆಗಳು ಬಿದ್ದು ಕೆಳಗಿದ್ದ ವಾಹನಗಳು ಅಪ್ಪಚ್ಚಿಯಾದವು, ಹಲವರು ಸತ್ತರು. ಇವತ್ತು ಆ ಸೇತುವೆಯ ಕೆಳಗೆ ತಳ್ಳುಗಾಡಿ ನಿಲ್ಲಿಸುವವರನ್ನು ಕೇಳಿದರೆ ಆ ಸಂಜೆಯನ್ನು ಗಳಿಗೆ ಗಳಿಗೆಯಾಗಿ ಹೇಳುತ್ತಾರೆ. ಕೂಗಳತೆಯಲ್ಲಿ, 1921ರಲ್ಲಿ ಹುಟ್ಟಿದ ಕಾಶಿ ವಿದ್ಯಾಪೀಠವಿದೆ; ಪ್ರಬಂಧಕ್ಕೆ ವಿಷಯ ಹುಡುಕುವ ಹುಡುಗ ಹುಡುಗಿಯರು ಅಲ್ಲಿ ಬೇಕಾದಷ್ಟು. ರಸ್ತೆ ದಾಟಿದರೆ ಆಯಿತು, ಫೋನು ಹೇಗೂ ಜೇಬಿನಲ್ಲಿರುತ್ತದೆ.

ನನ್ನ ಚಿಕ್ಕಮ್ಮ ಈಚೆಗೆ ಕಾಶಿಗೆ ಹೋಗಿಬಂದರು. 2022ರಲ್ಲಿ ಬೆಂಗಳೂರಿನಿಂದ ಶುರುವಾದ ಕಾಶಿ ದರ್ಶನದ ವಿಶೇಷ ರೈಲು. ಸರ್ಕಾರದ ಸಹಾಯಧನ, ಊಟ, ವಸತಿ, ಬಸ್ಸು, ಎಲ್ಲ ಅಚ್ಚುಕಟ್ಟು. ಅವರ ಮಂಡಿನೋವಿಗೆ ಹಳೆಯ ಕಾಲದ ಯಾತ್ರೆ ಕನಸಿನ ಮಾತು, ಆದ್ದರಿಂದ ಆ ರೈಲಿನ ಮೇಲೆ ನನಗೆ ದೂರಿಲ್ಲ. ಫೋಟೊಗಳನ್ನೆಲ್ಲ ತೋರಿಸಿದ ಮೇಲೆ, "ಚಿಕ್ಕಮ್ಮ, ಕಾಶಿಯಲ್ಲಿ ಯಾವ ಸ್ಟೇಷನ್ನಿನಲ್ಲಿ ಇಳಿದಿರಿ?" ಎಂದು ಕೇಳಿದೆ.

"ಅದೆಲ್ಲ ಟೂರಿನವರಿಗೆ ಗೊತ್ತು ಕಣೋ," ಎಂದರು. "ಇಳಿದ ಕೂಡಲೇ ಬಸ್ಸು ನಿಂತಿತ್ತು."